ಕೆಳಮುಗಿಲಿನ ಮೀಮಾಂಸೆ

ಮೀಮಾಂಸಕರು ಒಂದು ಪ್ರಶ್ನೆಯನ್ನು ಕೈಗೆತ್ತಿಕೊಂಡರೆ ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಸಂಗತಿ ಎಂಬ ಐದು ಅಂಗಗಳಲ್ಲಿ ಬಿಡಿಸುತ್ತಾರೆ. ಇಲ್ಲಿ ವಿಷಯ, ಹುಬ್ಬಳ್ಳಿ-ಧಾರವಾಡದ ನೆತ್ತಿಯ ಮೇಲಿನ 120 ಮೀಟರ್ ಮುಗಿಲು. ಮದುವೆ ಚಿತ್ರೀಕರಿಸುವವರ, ಜಮೀನು ಅಳೆಯುವವರ, ಮೆರವಣಿಗೆ ಕಾಯುವ ಪೊಲೀಸರ ಡ್ರೋನ್‌ಗಳಿಗೆ ಅದು ಬೇಕಾಗಿದೆ. ಸಂಶಯ ಇಷ್ಟೇ: ಅವುಗಳಿಗೆ ಗಡಿ ಹಾಕುವಾಗ ಯಾವುದು ಅಳತೆಗೋಲು? ವಿಮಾನ ನಿಲ್ದಾಣ ಎಷ್ಟು ದೂರವಿದೆ ಎಂಬುದೋ, ಕೆಳಗೆ ಯಾರಿದ್ದಾರೆ ಎಂಬುದೋ?

ಸದ್ಯದ ಕಾನೂನು ಹೆಚ್ಚಾಗಿ ಮೊದಲನೆಯದನ್ನು ಹಿಡಿದಿದೆ. 2021ರ ಆಗಸ್ಟ್ 25ರಂದು ಬಂದ ಡ್ರೋನ್ ನಿಯಮಗಳ ಪ್ರಕಾರ ನಿಲ್ದಾಣದ ಸುತ್ತುಗೋಡೆಯಿಂದ 8 ಕಿ.ಮೀ. ಒಳಗೆ ಅನುಮತಿಯಿಲ್ಲದೆ ಹಾರಿಸುವಂತಿಲ್ಲ. 8ರಿಂದ 12 ಕಿ.ಮೀ. ನಡುವೆ 60 ಮೀಟರ್ ಎತ್ತರದವರೆಗೆ, ಅದರಾಚೆ ಬೇರೆ ನಿರ್ಬಂಧವಿಲ್ಲದ ಕಡೆ 120 ಮೀಟರ್‌ವರೆಗೆ ಹಾರಾಟ ಮುಕ್ತ. ನಮ್ಮ ನಿಲ್ದಾಣ ಇರುವುದು ಗೋಕುಲ ರಸ್ತೆಯಲ್ಲಿ. ಹೀಗಾಗಿ ಉಣಕಲ್, ನವನಗರ, ಚನ್ನಮ್ಮ ವೃತ್ತ, ರೈಲು ನಿಲ್ದಾಣ ಎಲ್ಲವೂ 8 ಕಿ.ಮೀ. ಒಳಗೇ ಬರುತ್ತವೆ. ವಿದ್ಯಾಗಿರಿ ಎರಡನೆಯ ಪಟ್ಟಿಗೆ ಬಿದ್ದರೆ, ಧಾರವಾಡದ ಜ್ಯುಬಿಲಿ ವೃತ್ತ 12 ಕಿ.ಮೀ. ಗೆರೆಯ ಆಸುಪಾಸಿನಲ್ಲಿದೆ. ಹುಬ್ಬಳ್ಳಿಯಲ್ಲಿ ಬಿಆರ್‌ಟಿಎಸ್‌ನ ಚಿಗರಿ ಬಸ್ ಹತ್ತಿ ಧಾರವಾಡದಲ್ಲಿ ಇಳಿಯುವಷ್ಟರಲ್ಲಿ ನೆತ್ತಿಯ ಮೇಲಿನ ಕಾಯಿದೆ ಎರಡು ಸಲ ಬದಲಾಗಿರುತ್ತದೆ. ಕೆಳಗಿನ ಜನಸಂದಣಿ ಮಾತ್ರ ಆ ಗೆರೆಗಳನ್ನು ಕೇಳಿ ಹಂಚಿಕೊಂಡಿಲ್ಲ.

ಈ ಅಳತೆ ತಪ್ಪೆಂದು ನಾನು ಹೇಳುತ್ತಿಲ್ಲ. ರೂಢಿಯ ಮೂರು ಡಿಗ್ರಿ ಇಳಿಜಾರಿನಲ್ಲಿ ಇಳಿಯುವ ವಿಮಾನ ರನ್‌ವೇ ಅಂಚಿನಿಂದ 2 ಕಿ.ಮೀ. ದೂರದಲ್ಲಿದ್ದಾಗ ಸುಮಾರು 120 ಮೀಟರ್ ಎತ್ತರದಲ್ಲಿರುತ್ತದೆ. ಬೇರೆಡೆ ಡ್ರೋನಿಗೆ ಬಿಟ್ಟುಕೊಟ್ಟ ಎತ್ತರವೂ ಅದೇ. 2018ರ ಡಿಸೆಂಬರಿನಲ್ಲಿ ಲಂಡನ್ ಬಳಿಯ ಗ್ಯಾಟ್ವಿಕ್ ನಿಲ್ದಾಣದಲ್ಲಿ ಡ್ರೋನ್ ಕಂಡಿತೆಂಬ ವರದಿಯಿಂದಲೇ ಸುಮಾರು ಒಂದು ಸಾವಿರ ವಿಮಾನಗಳ ಸಂಚಾರ ಅಸ್ತವ್ಯಸ್ತವಾಯಿತು. ನಿಲ್ದಾಣದ ಸುತ್ತಲಿನ ಗೆರೆ ಅಳಿಸಬಾರದು. ಆದರೆ ಅದು ಕಾಯುವುದು ವಿಮಾನದಲ್ಲಿ ಕುಳಿತವರನ್ನು.

ಮೊದಲ ಪೂರ್ವಪಕ್ಷ: ನಿಯಮ ಇದೆಯಲ್ಲ, ಇನ್ನೇನು ಬೇಕು? ಕಲ್ಯಾಣ ಮಂಟಪದ ಗಚ್ಚಿಯಿಂದ ಡ್ರೋನ್ ಏರುವುದನ್ನು ಹತ್ತಿರದಿಂದ ನೋಡಿದರೆ ಉತ್ತರ ಸಿಗುತ್ತದೆ. ಸ್ಲ್ಯಾಬಿನೊಳಗಿನ ಕಬ್ಬಿಣದ ಸರಳುಗಳು ಡ್ರೋನಿನ ದಿಕ್ಸೂಚಿಯನ್ನು ಗಲಿಬಿಲಿ ಮಾಡಬಲ್ಲವು. ಬ್ಯಾಟರಿ ಇಳಿದಾಗ ಅದು ಮೊದಲೇ ಗೊತ್ತುಮಾಡಿದ ಎತ್ತರಕ್ಕೆ ಏರಿ, ಹೊರಟ ಜಾಗಕ್ಕೆ ನೇರ ಗೆರೆಯಲ್ಲಿ ಮರಳುತ್ತದೆ. ಅಡೆತಡೆ ಗುರುತಿಸುವ ಸಂವೇದಕ ಇಲ್ಲದಿದ್ದರೆ ನಡುವೆ ಇರುವ ಮೊಬೈಲ್ ಟವರ್ ಅದಕ್ಕೆ ಕಾಣುವುದಿಲ್ಲ. ಎರಡು ಕಿಲೋ ತೂಕದ ಯಂತ್ರ 120 ಮೀಟರಿನಿಂದ ಬಿದ್ದರೆ, ಗಾಳಿಯ ತಡೆಯನ್ನು ಬಿಟ್ಟು ಲೆಕ್ಕ ಹಾಕಿದಾಗ, ನೆಲ ಮುಟ್ಟುವ ವೇಗ ಗಂಟೆಗೆ 170 ಕಿ.ಮೀ. ಮೀರುತ್ತದೆ. ಗಾಳಿ ಅದನ್ನು ಸಾಕಷ್ಟು ಇಳಿಸಿದರೂ ತಲೆಯ ಮೇಲೆ ಬಿದ್ದರೆ ಉಳಿಗಾಲವಿಲ್ಲ. ಆ ಯಂತ್ರ ನಿಲ್ದಾಣದಿಂದ 13 ಕಿ.ಮೀ. ದೂರದಲ್ಲಿತ್ತು ಎಂಬುದು ಕೆಳಗಿದ್ದವನಿಗೆ ಯಾವ ಸಮಾಧಾನ?

ಎರಡನೆಯದು: ತಂತ್ರಜ್ಞಾನ ನೋಡಿಕೊಳ್ಳುತ್ತದೆ. ಅನುಮತಿಯಿಲ್ಲದೆ ಮೇಲೇಳದ ವ್ಯವಸ್ಥೆ, ಇರುವ ಜಾಗವನ್ನು ಕ್ಷಣಕ್ಷಣಕ್ಕೂ ಸಾರುವ ಬೀಕನ್, ಗಡಿ ದಾಟದಂತೆ ತಡೆಯುವ ಜಿಯೋಫೆನ್ಸಿಂಗ್, ಇವೆಲ್ಲ 2021ರ ನಿಯಮಗಳಲ್ಲೇ ಹೆಸರಿಸಲ್ಪಟ್ಟಿವೆ. ಆದರೆ ಅವುಗಳ ಕಡ್ಡಾಯವನ್ನು ಮುಂದಿನ ಅಧಿಸೂಚನೆಗೆ ಬಿಡಲಾಯಿತು. ಅವು ಬೇಗ ಬರಲಿ ಎಂಬುದು ನನ್ನ ಆಗ್ರಹ. ಆದರೂ ಯಂತ್ರವೊಂದನ್ನೇ ನಂಬಬಾರದು. 2019ರ ಮೇ ತಿಂಗಳಲ್ಲಿ ಜ್ಯೂರಿಕ್‌ನಲ್ಲಿ ಸ್ವಿಸ್ ಅಂಚೆಯ ಡ್ರೋನ್ ಆಡುತ್ತಿದ್ದ ಪುಟ್ಟ ಮಕ್ಕಳಿಂದ ಅನತಿದೂರದಲ್ಲೇ ಬಿತ್ತು. ಪ್ಯಾರಾಶೂಟ್ ಬಿಚ್ಚಿಕೊಂಡಿತ್ತು, ಆದರೆ ಅದರ ಹಗ್ಗವೇ ಕಡಿದುಹೋಗಿತ್ತು.

ಮೂರನೆಯದು ಇದಕ್ಕೆ ತದ್ವಿರುದ್ಧ: ಊರೊಳಗೆ ಪೂರ್ತಿ ನಿಷೇಧಿಸಿಬಿಡಿ. 2021ರ ಜೂನ್ 27ರಂದು ಜಮ್ಮುವಿನ ವಾಯುಪಡೆ ನೆಲೆಯ ಮೇಲೆ ಡ್ರೋನಿನಿಂದ ಬಾಂಬ್ ಬಿದ್ದಿತಲ್ಲ ಎಂದು ನೆನಪಿಸುತ್ತಾರೆ. ಈ ಭಯ ಸಕಾರಣವಾದದ್ದು. ಆದರೆ ಕೇಡು ಬಗೆಯುವವನು ನಿಷೇಧ ಓದಿ ಹಿಂಜರಿಯುವುದಿಲ್ಲ. ಹಿಂಜರಿಯುವವನು ನೋಂದಣಿ ಮಾಡಿಸಿದ ಫೋಟೋಗ್ರಾಫರ್. ಗೊತ್ತಿರುವ ಡ್ರೋನ್‌ಗಳೆಲ್ಲ ಪರದೆಯ ಮೇಲೆ ಕಂಡರೆ ಗೊತ್ತಿಲ್ಲದ್ದು ತಾನಾಗಿ ಎದ್ದು ಕಾಣುತ್ತದೆ. ಅದೇ ಜೂನಿನಲ್ಲಿ ನಮ್ಮ ಗೌರಿಬಿದನೂರಿನಲ್ಲಿ ಕಣ್ಣಳತೆಯಾಚೆ ಡ್ರೋನ್ ಹಾರಿಸಿ ಔಷಧಿ ಸಾಗಿಸುವ ಪ್ರಯೋಗ ನಡೆಯಿತು. ಹುಬ್ಬಳ್ಳಿಯ ಕಿಮ್ಸ್ ಆಸ್ಪತ್ರೆಯಿಂದ ಧಾರವಾಡಕ್ಕೆ ರಕ್ತದ ಚೀಲ ಹಾಗೆ ಬರುವ ದಿನವನ್ನು ನಿಷೇಧದಿಂದ ಮುಚ್ಚಿಹಾಕಬಾರದು.

ಹಾಗಾದರೆ ಸಿದ್ಧಾಂತ: ನಿಲ್ದಾಣದ ವೃತ್ತಗಳ ಮೇಲೆ ಇನ್ನೊಂದು ನಕ್ಷೆ ಹಾಸಬೇಕು, ಅದು ನೆಲದ ನಕ್ಷೆ. ಶಾಲೆ, ಸಂತೆ, ಬಿಆರ್‌ಟಿಎಸ್ ನಿಲ್ದಾಣ, ಸಿದ್ಧಾರೂಢ ಮಠದ ಅಂಗಳ, ಇವುಗಳ ಮೇಲೆ ಹಾರಾಟ ಬೇಡ. ಚಿಗರಿ ಓಡುವ ದಾರಿಯ ಉದ್ದಕ್ಕೂ ಬೇಡ. ದಾಟಲೇಬೇಕಾದರೆ ಗೊತ್ತುಮಾಡಿದ ಜಾಗದಲ್ಲಿ ಅಡ್ಡಡ್ಡ ದಾಟಲಿ. ಸಾಗಣೆಯ ಡ್ರೋನ್ ಖಾಲಿ ಜಮೀನು, ಹೊಲ, ನಾಲೆಗಳ ಮೇಲೆ ಹೋಗಲಿ. ಸುತ್ತುದಾರಿಯಾದರೂ ಅಡ್ಡಿಯಿಲ್ಲ. ಗುರುತು ಹಾಕುವವರು ಪಾಲಿಕೆಯವರಾಗಬೇಕು, ಯಾವ ಓಣಿಯಲ್ಲಿ ಎಷ್ಟು ಹೊತ್ತಿಗೆ ಜನ ಸೇರುತ್ತಾರೆಂಬುದು ದಿಲ್ಲಿಯ ಪರದೆಗೆ ಗೊತ್ತಿರುವುದಿಲ್ಲ.

ಖಾಸಗಿತನದ ಆಕ್ಷೇಪವನ್ನು ನಾನು ಪೂರ್ತಿ ಒಪ್ಪುತ್ತೇನೆ. ಮಾಳಿಗೆಯ ಮೇಲೆ ಸಂಡಿಗೆ ಹಾಕುತ್ತ ಕೂತ ಹೆಣ್ಣುಮಕ್ಕಳು ಕ್ಯಾಮೆರಾಕ್ಕೆ ಹೆದರಿ ಒಳಗೆ ಹೋಗುವಂತಾಗಬಾರದು. ಖಾಸಗಿತನ ಮೂಲಭೂತ ಹಕ್ಕೆಂದು 2017ರಲ್ಲಿ ಸುಪ್ರೀಂ ಕೋರ್ಟ್ ಸಾರಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ. ಹಾರಿಸುವವರ ಹೆಸರು, ಉದ್ದೇಶ, ವೇಳೆ ವಾರ್ಡ್ ಕಚೇರಿಯ ಫಲಕದಲ್ಲಿ ಮೊದಲೇ ಕಾಣಬೇಕು. ತುರ್ತು ಕೆಲಸವಿದ್ದರೆ ಹಾರಾಟದ ನಂತರ ಹಾಕಲಿ. ಪೊಲೀಸರ ಡ್ರೋನಿಗೂ ಇದರಿಂದ ವಿನಾಯಿತಿ ಬೇಡ.

ಇದಕ್ಕೆಲ್ಲ ಪಾಲಿಕೆಗೆ ಅಧಿಕಾರ ಎಲ್ಲಿದೆ ಎಂಬುದು ಕೊನೆಯ ಆಕ್ಷೇಪ, ಎಲ್ಲಕ್ಕಿಂತ ಗಟ್ಟಿಯಾದದ್ದು ಕೂಡ. ವಾಯುಪ್ರದೇಶ ಕೇಂದ್ರದ ವಿಷಯ, ನಿಜ. ಆದರೆ ತುರ್ತು ಅಗತ್ಯ ಬಿದ್ದರೆ ಒಂದು ಜಾಗವನ್ನು ಒಮ್ಮೆಗೆ 96 ಗಂಟೆ ಮೀರದಂತೆ ತಾತ್ಕಾಲಿಕ ಕೆಂಪು ವಲಯವೆಂದು ಘೋಷಿಸಲು ರಾಜ್ಯ ಸರ್ಕಾರಕ್ಕೂ ಕಾನೂನು ಪಾಲಕರಿಗೂ 2021ರ ಡ್ರೋನ್ ನಿಯಮಗಳಲ್ಲೇ ಅವಕಾಶವಿದೆ. ಎಸ್ಪಿ ಅಥವಾ ಸಮಾನ ದರ್ಜೆಯ ಅಧಿಕಾರಿ ಆದೇಶ ಹೊರಡಿಸಿದರೆ ಸಾಕು. ಗಣೇಶ ವಿಸರ್ಜನೆಯ ರಾತ್ರಿ ಹುಬ್ಬಳ್ಳಿಯ ಓಣಿಗಳಿಗೆ ಇದರಿಂದ ರಕ್ಷಣೆ ಸಿಗುತ್ತದೆ. ಕಾಯಂ ಗಡಿಗಳನ್ನು ಪಾಲಿಕೆ, ಪೊಲೀಸ್ ಕಮಿಷನರೇಟ್, ವಿಮಾನ ನಿಲ್ದಾಣದವರು ಒಟ್ಟಿಗೆ ಕೂತು ಗುರುತಿಸಿ ಕೇಂದ್ರದ ಡಿಜಿಟಲ್ ಸ್ಕೈ ನಕ್ಷೆಗೆ ಸೇರಿಸುವಂತೆ ಬರೆಯಬೇಕು. ಆ ಪತ್ರಕ್ಕೆ ಬೇಕಾದ ವಾರ್ಡ್ ನಕ್ಷೆಗಳು ಪಾಲಿಕೆಯ ಕೈಯಲ್ಲೇ ಇವೆ.