ಹವ್ಯಾಸದ ಋಣ

2015ರ ಒಂದು ಭಾನುವಾರ ಬೆಳಿಗ್ಗೆ ನಮ್ಮ ನೆರೆಮನೆಯ ಮರಾಠಿ ಗೃಹಸ್ಥರು ನನ್ನ ಬಾಲ್ಕನಿಯತ್ತ ಇಣುಕಿ, "ಇದೇನು ನಡೆಸಿದ್ದೀರಿ?" ಎಂದು ಕೇಳಿದರು. ನೆಲದ ತುಂಬ ಮರದ ಹೊಟ್ಟು ಹರಡಿತ್ತು. ಏಳು ಅಡಿ ಉದ್ದದ ಹಲಗೆಯೊಂದು ಎರಡು ಸ್ಟೂಲುಗಳ ಮೇಲೆ ಮಲಗಿತ್ತು. ನಾನು ಕೀಸುಳಿ ಕೆಳಗಿಟ್ಟು, ನನಗೆ ಬರುವ ಮರಾಠಿಯಲ್ಲಿ, ಇದು ನನ್ನ ಹವ್ಯಾಸ ಎಂದೆ. ಅವರ ಹುಬ್ಬು ಮೇಲೇರಿತು. "ಹವ್ಯಾಸ? ಕಶಾಚಾ ಹವ್ಯಾಸ?" ಎಂದು ನಗುತ್ತ ಒಳಗೆ ಹೋದರು.

ಅವರು ನಕ್ಕದ್ದೇಕೆಂದು ಸಂಜೆ ನನ್ನ ಮಗ ತಿಳಿಸಿದ. ಮರಾಠಿಯಲ್ಲಿ 'ಹವ್ಯಾಸ'ವೆಂದರೆ ತೀರದ ಆಸೆ, ದುರಾಸೆ. ದುಡ್ಡಿನ ಹವ್ಯಾಸ, ಅಧಿಕಾರದ ಹವ್ಯಾಸ ಎಂದು ಅವರು ಹೇಳುತ್ತಾರೆ. ನಮ್ಮ 'ಹವ್ಯಾಸ'ಕ್ಕೆ ಅವರ ಮಾತು 'ಛಂದ'; ನಮ್ಮ 'ಹವ್ಯಾಸಿ ನಾಟಕ' ಅವರಿಗೆ 'ಹೌಶಿ ನಾಟಕ'. ಸುಮಾರು ನಲವತ್ತು ವರ್ಷ ಪುಣೆಯ ನೀರು ಕುಡಿದವನಿಗೆ ಇಷ್ಟೂ ತಿಳಿದಿರಲಿಲ್ಲವೇ ಎಂದು ಓದುಗರು ನಗಬಹುದು. ನಾನೂ ಅಂದು ನಕ್ಕೆ. ಆದರೆ ಆ ತಪ್ಪು ಮಾತಿನಲ್ಲಿ ಒಂದು ಸರಿಯಾದ ಪ್ರಶ್ನೆ ಇತ್ತೆಂದು ನನಗೆ ಹೊಳೆದದ್ದು ಮರುವರ್ಷ. ಹೊಟ್ಟೆಪಾಡಿಗಲ್ಲದೆ, ಬರೀ ಪ್ರೀತಿಯಿಂದ ಮಾಡುವ ಕೆಲಸ ಒಳ್ಳೆಯದೆಂದು ನಾವೆಲ್ಲ ನಂಬಿದ್ದೇವೆ. ಅದರಲ್ಲಿ ದುರಾಸೆಗೆ ಎಡೆಯಿದೆಯೇ? ಇದ್ದರೆ ಅದು ಎಂಥ ದುರಾಸೆ?

ನಾನು ಮಾಡುತ್ತಿದ್ದುದು ದೋಣಿಯ ಹುಟ್ಟು. ಪುಣೆಯಲ್ಲಿ ನನಗೆ ದೋಣಿಯಿಲ್ಲ. ಹುಟ್ಟನ್ನು ತೆಗೆದುಕೊಂಡು ಏನು ಮಾಡುತ್ತೀರಿ ಎಂದು ನನ್ನ ಹೆಂಡತಿ ಕೇಳಿದ್ದಕ್ಕೆ ಉತ್ತರವಿರಲಿಲ್ಲ. ಕಾರ್ಖಾನೆಯ ಟೂಲ್‌ರೂಮಿನಲ್ಲಿ ಮೂವತ್ತೆಂಟು ವರ್ಷ ಕಬ್ಬಿಣದೊಂದಿಗೆ ಬಾಳಿ ನಿವೃತ್ತನಾದ ಮೇಲೆ ಮರ ಮುಟ್ಟಬೇಕೆನಿಸಿತು. ಬುಧವಾರ ಮತ್ತು ಭಾನುವಾರ ಸೇರುತ್ತಿದ್ದ ಜುನಾ ಬಜಾರಿನಲ್ಲಿ ಹಳೆಯ ವೈಸ್, ಎರಡು ಉಳಿ, ಹಿಡಿ ಮುರಿದ ಕೀಸುಳಿ ಕೊಂಡು ತಂದೆ. ಊರಲ್ಲಾದರೆ ದೋಣಿಗೆ ಹೆಬ್ಬಲಸಿನ ಮರ. ಇಲ್ಲಿ ನನಗೆ ಸಿಕ್ಕಿದ್ದು ಯಂತ್ರ ಬಂದ ಪೆಟ್ಟಿಗೆಯ ಹಲಗೆ.

ನಮ್ಮ ಊರು ಕುಂದಾಪುರದ ಬಳಿ, ಐದು ನದಿಗಳು ಕೂಡಿ ಕಡಲು ಸೇರುವ ಗಂಗೊಳ್ಳಿಯ ಆಚೀಚೆ. ಅಪ್ಪಯ್ಯ ಕಡವಿನ ದೋಣಿ ನಡೆಸುತ್ತಿದ್ದರು. ಬೆಳಕು ಹರಿಯುವ ಮೊದಲು ಮೀನಿನ ಬುಟ್ಟಿಯ ಹೆಂಗಸರು, ಆಮೇಲೆ ಶಾಲೆಯ ಮಕ್ಕಳು, ಮಾಸ್ತರರು, ಸಂತೆಯ ದಿನ ಕೋಳಿ, ಅಕ್ಕಿಮುಡಿ ಎಲ್ಲವೂ ಆ ದೋಣಿಯಲ್ಲೇ ದಾಟಬೇಕು. ಆಷಾಢದ ಮಳೆಯಲ್ಲಿ ಹೊಳೆ ಕೆಂಪಗೆ ಉಕ್ಕುವಾಗಲೂ ಆಚೆ ದಡದಿಂದ "ಹ್ವಾಯ್" ಎಂದು ಕೂಗು ಬಂದರೆ ಅಪ್ಪಯ್ಯ ಗೊರಬು ಹೊದ್ದು ಎದ್ದು ಹೋಗುತ್ತಿದ್ದರು. ವರ್ಷಕ್ಕೊಮ್ಮೆ ದೋಣಿಯನ್ನು ದಡಕ್ಕೆಳೆದು ಕವುಚಿ ಹಾಕಿ, ಬಿರುಕು ತುಂಬಿ, ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುವುದು ಮನೆಮಂದಿಯ ಕೆಲಸ. ಅದನ್ನು ಯಾರೂ ಹವ್ಯಾಸ ಎನ್ನಲಿಲ್ಲ.

ಹಾಗೆಂದು ಕರಾವಳಿಯ ಬಾಳು ಬರೀ ದುಡಿತವೂ ಆಗಿರಲಿಲ್ಲ. ತೆಂಗಿನ ಗರಿಯ ಬುಡದ ದಪ್ಪ ದಂಟನ್ನು ಕೆತ್ತಿ ಬ್ಯಾಟು ಮಾಡಿ ಮರಳಿನ ಮೇಲೆ ಆಡುತ್ತಿದ್ದೆವು. ಹರಿದ ಬಲೆಯೇ ವಾಲಿಬಾಲಿನ ನೆಟ್ಟು. ರಂಪಣಿ ಬಲೆ ಎಳೆಯುವ ದಿನ ಕೆಲಸ ಯಾವುದು, ಆಟ ಯಾವುದು ಎಂದು ಹೇಳಲು ಬರುತ್ತಿರಲಿಲ್ಲ. ನಾವು ಹುಡುಗರೂ ಓಡಿ ಹೋಗಿ ಹಗ್ಗಕ್ಕೆ ಕೈ ಹಾಕುತ್ತಿದ್ದೆವು. ಕೈ ಹಾಕಿದವನಿಗೆ ನಾಲ್ಕು ಬಂಗುಡೆಯಾದರೂ ಪಾಲು ಸಿಗುತ್ತಿತ್ತು. 1970ರ ದಶಕದ ಕೊನೆಗೆ ಯಂತ್ರದ ದೋಣಿಗಳೂ ಪರ್ಸೀನ್ ಬಲೆಗಳೂ ಬಂದು ರಂಪಣಿ ಹಿಂದೆ ಸರಿಯಿತು. ನಾನು ಅಷ್ಟರಲ್ಲಿ ಪುಣೆಗೆ ಬಂದಾಗಿತ್ತು.

ಅಪ್ಪಯ್ಯ ಪುಣೆಗೆ ಬಂದದ್ದು ಒಮ್ಮೆ ಮಾತ್ರ, 1991ರಲ್ಲಿ. ಇಲ್ಲಿ ನೀರು ಕಾಣದೆ ಅವರಿಗೆ ಬೇಸರವಾದೀತೆಂದು ಇಂಜಿನಿಯರಿಂಗ್ ಕಾಲೇಜಿನ ಬೋಟ್ ಕ್ಲಬ್ಬಿನ ರೆಗಾಟಾ ತೋರಿಸಲು ಕರೆದುಕೊಂಡು ಹೋದೆ. 1928ರಿಂದ ನಡೆದು ಬಂದ ಉತ್ಸವ ಅದು. ವಿದ್ಯಾರ್ಥಿಗಳೇ ಮುಳಾ-ಮುಠಾ ನದಿಯಲ್ಲಿ ದೋಣಿಗಳನ್ನು ಸಾಲುಗೂಡಿಸಿ ನಡೆಸುತ್ತಾರೆ, ಮಶಾಲು ಹಿಡಿದು ಕುಣಿಯುತ್ತಾರೆ. ದಡದ ತುಂಬ ಜನ. ಅಪ್ಪಯ್ಯ ಬಹಳ ಹೊತ್ತು ನೋಡಿ ಕೇಳಿದರು:

"ಇವ್ರಿಗೆ ಎಷ್ಟ್ ಕೊಡ್ತ್ರ್?"

"ಏನೂ ಕೊಡೂದಿಲ್ಲ ಅಪ್ಪಯ್ಯ. ಖುಷಿಗೆ ಮಾಡೂದ್."

ಅವರು ಸುಮ್ಮನಾದರು. ಬಸ್ಸಿಗೆ ಕಾಯುವಾಗ ತಾವಾಗಿಯೇ, "ಹೊಟ್ಟಿ ತುಂಬಿದ ಮಕ್ಳ್. ಆರೂ ಚೆಂದ ಹುಟ್ಟ್ ಹಾಕ್ತ್ರ್" ಎಂದರು.

ಈ ಎರಡು ವಾಕ್ಯಗಳನ್ನು ನಾನು ಇಷ್ಟು ವರ್ಷ ಹೊತ್ತುಕೊಂಡು ತಿರುಗಿದ್ದೇನೆ. ಮೊದಲನೆಯದರಲ್ಲಿ ಆಕ್ಷೇಪಣೆ, ಎರಡನೆಯದರಲ್ಲಿ ಮೆಚ್ಚುಗೆ. ಅಪ್ಪಯ್ಯ ಎರಡನ್ನೂ ಒಟ್ಟಿಗೆ ಹೇಳಬಲ್ಲವರಾಗಿದ್ದರು. ನಾವು ಓದಿದವರು ಹಾಗೆ ಹೇಳಲಾರೆವು.

ಹೊಟ್ಟೆ ತುಂಬಿದವರು ತಮ್ಮ ಆಟಕ್ಕೆ ಬೇಲಿ ಹಾಕಿದ ಕಥೆ ಲೋಕಕ್ಕೆ ಹಳೆಯದು. ಇಂಗ್ಲೆಂಡಿನ ಹೆನ್ಲಿಯಲ್ಲಿ ಥೇಮ್ಸ್ ನದಿಯ ಮೇಲೆ ಹೆಸರಾಂತ ದೋಣಿ ಸ್ಪರ್ಧೆ ನಡೆಯುತ್ತದೆ. 1879ರಲ್ಲಿ ಅದರ ವ್ಯವಸ್ಥಾಪಕರು 'ಅಮೆಚೂರ್' ಯಾರೆಂದು ನಿಯಮ ಬರೆದರು. ಹಣಕ್ಕಾಗಿ ಸ್ಪರ್ಧಿಸುವವನು ಅಮೆಚೂರ್ ಅಲ್ಲ ಎಂದಿದ್ದರೆ ಒಪ್ಪಬಹುದಿತ್ತು. ಕೂಲಿಗಾಗಿ ಕೈಕಸುಬು ಮಾಡುವ ಯಾಂತ್ರಿಕ, ಕುಶಲಕರ್ಮಿ, ಕಾರ್ಮಿಕ ಇವರಾರೂ ಅಲ್ಲ ಎಂದೂ ಅವರು ಸೇರಿಸಿದರು. ದಿನವಿಡೀ ದುಡಿಯುವವನ ಮೈ ಗಟ್ಟಿಯಾಗಿರುತ್ತದೆ, ಸಭ್ಯ ಗೃಹಸ್ಥರಿಗೆ ಅನ್ಯಾಯವಾದೀತು ಎಂಬುದು ಅಂಥವರ ಪರವಾದ ವಾದ. ಯೌವನದಲ್ಲಿ ಇಟ್ಟಿಗೆ ಕಟ್ಟುವ ಕೆಲಸ ಮಾಡಿದ್ದ ಅಮೆರಿಕದ ಜಾನ್ ಕೆಲ್ಲಿಗೆ 1920ರಲ್ಲಿ ಹೆನ್ಲಿ ಪ್ರವೇಶ ಕೊಡಲಿಲ್ಲ. ಅವನ ಕ್ಲಬ್ಬಿನ ಮೇಲೆ ಹಳೆಯ ತಕರಾರೊಂದಿತ್ತು, ಈ ನಿಯಮವೂ ಇತ್ತು. ಅದೇ ವರ್ಷ ಆಂಟ್‌ವರ್ಪ್ ಒಲಿಂಪಿಕ್ಸಿನಲ್ಲಿ ಅವನು ಚಿನ್ನ ಗೆದ್ದ. ಕೈಕಸುಬಿನವರನ್ನು ಹೊರಗಿಡುವ ಮಾತನ್ನು ಹೆನ್ಲಿ ಕೈಬಿಟ್ಟದ್ದು 1937ರಲ್ಲಿ. 1947ರಲ್ಲಿ ಕೆಲ್ಲಿಯ ಮಗ ಅದೇ ನದಿಯ ಮೇಲೆ ಗೆದ್ದ.

'ಅಮೆಚೂರ್' ಎಂಬುದು ಪ್ರೀತಿ ಎಂಬರ್ಥದ ಲ್ಯಾಟಿನ್ ಮೂಲದಿಂದ ಬಂದ ಮಾತು. ಪ್ರೀತಿಸುವವನು ಎಂದು ಅರ್ಥ. ಪ್ರೀತಿಸುವ ಅಧಿಕಾರ ನಮಗೆ ಮಾತ್ರ, ಬೆವರು ಸುರಿಸುವವನಿಗಿಲ್ಲ ಎಂದು ಬರೆದುಕೊಂಡರಲ್ಲ, ಅದು ಮರಾಠಿಯ 'ಹವ್ಯಾಸ'. ಹಾಗೆಂದು ನಾನು ಇಂಗ್ಲೆಂಡಿನ ದೊರೆಗಳನ್ನು ಬೈದು ಸುಮ್ಮನಾಗುವಂತಿಲ್ಲ.

2016ರ ನವೆಂಬರಿನಲ್ಲಿ ನಮ್ಮ ಬಡಾವಣೆಯ ಕನ್ನಡಿಗರ ಒಂದು ಸಣ್ಣ ಬಳಗ ರಾಜ್ಯೋತ್ಸವಕ್ಕೆಂದು ವಾಲಿಬಾಲ್ ಪಂದ್ಯಾಟ ಇಟ್ಟುಕೊಂಡಿತು. ಹತ್ತಿರದ ಮೈದಾನದಲ್ಲಿ ಬೆಳಿಗ್ಗೆ ಆರಕ್ಕೆ ಹೋಟೆಲ್ ಹುಡುಗರು ಆಡುವುದನ್ನು ನಾನು ದಿನವೂ ನೋಡುತ್ತಿದ್ದೆ. ಬೈಂದೂರು, ಕುಂದಾಪುರ, ಕಾರ್ಕಳದ ಕಡೆಯವರು. ರಾತ್ರಿ ಹನ್ನೊಂದಕ್ಕೆ ಪಾತ್ರೆ ತೊಳೆದಿಟ್ಟು ಮಲಗುವವರು. ಅವರದೂ ಒಂದು ತಂಡ ಸೇರಲಿ ಎಂದು ಒಬ್ಬರು ಸೂಚಿಸಿದರು. ಇನ್ನೊಬ್ಬರು ಥಟ್ಟನೆ, "ಅವರು ದಿನವಿಡೀ ಭಾರ ಎತ್ತುವವರು, ಮೈಕಟ್ಟೇ ಬೇರೆ. ನಮ್ಮ ಮಕ್ಕಳಿಗೆ ಅನ್ಯಾಯವಾಗುತ್ತದೆ. ಇದು ಕುಟುಂಬಗಳ ಪಂದ್ಯ" ಎಂದರು. ಹೆನ್ಲಿಯ ಹೆಸರನ್ನೇ ಕೇಳದವರ ಬಾಯಲ್ಲಿ ಹೆನ್ಲಿಯ ನಿಯಮ! ಆಗ ಆ ಇತಿಹಾಸ ನನಗೂ ಗೊತ್ತಿರಲಿಲ್ಲ. ಆದರೆ ಮಾತು ತಪ್ಪೆಂದು ತಿಳಿಯಲು ಇತಿಹಾಸ ಬೇಕಿರಲಿಲ್ಲ. ನಾನು, ಕಡವಿನ ದೋಣಿಯವರ ಮಗ, ಸುಮ್ಮನೆ ಕುಳಿತಿದ್ದೆ. ಸಭೆಯಲ್ಲಿ ಮನಸ್ತಾಪವೇಕೆ ಎಂದು ನನಗೆ ನಾನೇ ಹೇಳಿಕೊಂಡೆ.

ಪಂದ್ಯದ ದಿನ ಮಧ್ಯಾಹ್ನದ ಊಟ ಬಡಿಸಲು ಬಂದವರು ಅದೇ ಹುಡುಗರು. ಸಾರಿನ ಸೌಟು ಹಿಡಿದವನೊಬ್ಬ ನನ್ನ ಎಲೆಯ ಮುಂದೆ ನಿಂತು, "ಗೆದ್ರಾ ಸರ್ ನಿಮ್ಮ ಟೀಮ್?" ಎಂದು ಕೇಳಿದ. ವ್ಯಂಗ್ಯವೇನೂ ಇರಲಿಲ್ಲ, ಅದೇ ಹೆಚ್ಚು ಚುಚ್ಚಿತು. ಆ ಊಟ ನನಗೆ ರುಚಿಸಲಿಲ್ಲ.

ಅಂದಿನಿಂದ ನನ್ನ ಹುಟ್ಟು ಅರ್ಧಕ್ಕೆ ನಿಂತಿತು. ಕೀಸುಳಿ ಕೈಗೆತ್ತಿದರೆ ಅಪ್ಪಯ್ಯನ "ಹೊಟ್ಟಿ ತುಂಬಿದ ಮಕ್ಳ್" ನೆನಪಾಗುತ್ತಿತ್ತು. ಅವರಿಗೆ ಅನ್ನವಾಗಿದ್ದ ಕೆಲಸ ನನಗೆ ಆಟವಾದರೆ, ಅದು ಅವರ ದುಡಿತಕ್ಕೆ ಮಾಡುವ ಅಪಮಾನವೇ? ಫಲಾಪೇಕ್ಷೆಯಿಲ್ಲದ ಕರ್ಮವೇ ಶ್ರೇಷ್ಠವೆಂದು ಗೀತೆಯನ್ನು ಮುಂದಿಟ್ಟು ಸಮಾಧಾನಪಟ್ಟುಕೊಳ್ಳಬಹುದಿತ್ತು. ಆದರೆ ತಿಂಗಳ ಮೊದಲ ತಾರೀಖಿಗೆ ಪಿಂಚಣಿ ಬಂದು ಬೀಳುವವನಿಗೆ ಫಲಾಪೇಕ್ಷೆ ಬಿಡುವುದೇನು ಕಷ್ಟ? ಅಷ್ಟು ಅಗ್ಗಕ್ಕೆ ಆ ಮಾತನ್ನು ಬಳಸಲು ಮನಸ್ಸು ಒಪ್ಪಲಿಲ್ಲ.

ಉತ್ತರ ಸಿಕ್ಕಿದ್ದು ಅಪ್ಪಯ್ಯನ ಹಳೆಯ ಹುಟ್ಟಿನ ನೆನಪಿನಲ್ಲಿ. ಅದರ ಹಿಡಿಯ ತುದಿಯನ್ನು ಅವರು ತಾವರೆಯ ಮೊಗ್ಗಿನ ಹಾಗೆ ಕೆತ್ತುತ್ತಿದ್ದರು. ಹುಟ್ಟು ಸವೆದು ಹೊಸದು ಮಾಡಿದಾಗಲೆಲ್ಲ ಮತ್ತೆ ಅದೇ ಮೊಗ್ಗು. ಅದರಿಂದ ದೋಣಿ ಬೇಗ ಸಾಗದು, ದಾಟುವವರು ಒಂದು ಕಾಸೂ ಹೆಚ್ಚು ಕೊಡರು. "ಯಾರ್ ಕಾಂತ್ರ್ ಅಪ್ಪಯ್ಯ ಇದನ್ನ?" ಎಂದು ಚಿಕ್ಕವನಿದ್ದಾಗ ಕೇಳಿದ್ದೆ. "ನನ್ ಕೈಗೆ ಗೊತ್ತಾತ್ತಲ್ದಾ?" ಎಂದಿದ್ದರು. ಹಾಗಾದರೆ ಹವ್ಯಾಸಿ ಯಾರು? ಕೂಲಿಯ ಕೆಲಸದೊಳಗೂ ಯಾರೂ ಕೂಲಿ ಕೊಡದ ಒಂದು ಪಾಲಿರುತ್ತದೆ, ಅಲ್ಲಿ ಅಪ್ಪಯ್ಯ ನನಗಿಂತ ದೊಡ್ಡ ಹವ್ಯಾಸಿ. ಪ್ರೀತಿಗೂ ಕೂಲಿಗೂ ಹಗೆತನವಿಲ್ಲ. ದುಡಿಯುವವನು ಬರೀ ದುಡ್ಡಿಗೆ ದುಡಿಯುತ್ತಾನೆ, ನಾವು ಪ್ರೀತಿಗೆ ಮಾಡುತ್ತೇವೆ ಎಂಬ ವಿಂಗಡಣೆಯೇ ಸುಳ್ಳು.

ಆದರೂ ನಮ್ಮಿಬ್ಬರಲ್ಲಿ ಒಂದು ಭೇದ ಉಳಿಯುತ್ತದೆ, ಅದನ್ನು ಮರೆಮಾಚಬಾರದು. ಬೆನ್ನು ನೋವಾದರೆ ನಾನು ಹುಟ್ಟನ್ನು ಗೋಡೆಗೆ ಒರಗಿಸಿ ಚಹಾ ಕುಡಿಯಬಹುದು. ಆಚೆ ದಡದ ಕೂಗು ಬಂದಾಗ ಅಪ್ಪಯ್ಯ ಹಾಗೆ ಮಾಡುವಂತಿರಲಿಲ್ಲ. ನಿಲ್ಲಿಸುವ ಸ್ವಾತಂತ್ರ್ಯವೇ ಹವ್ಯಾಸ. ನನಗೆ ಆ ಸ್ವಾತಂತ್ರ್ಯ ಎಲ್ಲಿಂದ ಬಂತು? ಅಪ್ಪಯ್ಯ ನಿಲ್ಲಿಸದೆ ಹುಟ್ಟು ಹಾಕಿದ್ದರಿಂದ ನಾನು ಐ.ಟಿ.ಐ. ಓದಿದೆ. ಇಂದೂ ನನ್ನ ಭಾನುವಾರದ ಬಿಡುವಿನ ಹಿಂದೆ ಭಾನುವಾರವಿಲ್ಲದ ಹಾಲಿನವನು, ಕಾವಲುಗಾರ, ಹೋಟೆಲಿನ ಹುಡುಗ ಇದ್ದಾರೆ. ಹವ್ಯಾಸ ಪಾಪವಲ್ಲ, ಆದರೆ ಅದು ಸಾಲದ ಮೇಲೆ ನಡೆಯುವ ಸಂಸಾರ. ಹನ್ನೆರಡನೆಯ ಶತಮಾನದ ಶರಣರು ಕಾಯಕದ ಜೊತೆಗೇ ದಾಸೋಹವನ್ನೂ ಇಟ್ಟರು. ಮಾಡುವ ಸಂತೋಷ ಹಂಚಿಕೊಳ್ಳದೆ ಪೂರ್ಣವಾಗದೆಂಬುದು ಅವರಿಗೆ ಗೊತ್ತಿತ್ತು.

ಈ ಸಾಲವನ್ನು ತೀರಿಸುವುದು ಹೇಗೆ? ಒಂದನ್ನು ಮರವೇ ಕಲಿಸಿತು. ಒಂದು ಹಲಗೆಯನ್ನು ಸಮ ಮಾಡಲು ನನಗೆ ಮೂರು ಭಾನುವಾರ ಹಿಡಿಯಿತು. ಆಮೇಲೆ ಅಡುಗೆಮನೆಯ ಕಪಾಟಿಗೆ ಬಂದ ಬಡಗಿ ಕೂಲಿ ಹೇಳಿದಾಗ ಚೌಕಾಸಿ ಮಾಡಲು ನಾಲಿಗೆ ಏಳಲಿಲ್ಲ. ತಾನೇ ಉಳಿ ಹಿಡಿದು ಕೈ ಕುಯ್ದುಕೊಂಡವನಿಗೆ ಬಡಗಿಯ ಬೆಲೆ ತಿಳಿಯದಿದ್ದರೆ ಆ ಹವ್ಯಾಸ ವ್ಯರ್ಥ.

ಎರಡನೆಯದನ್ನು 2017ರಲ್ಲಿ ಮಾಡಿದೆ, ಒಂದು ವರ್ಷ ತಡವಾಗಿ. ಬಳಗದ ಸಭೆಯಲ್ಲಿ ಎದ್ದು ಹೋಟೆಲ್ ಹುಡುಗರ ತಂಡ ಆಡಲೇಬೇಕೆಂದೆ. ಗಲಾಟೆಯಾದೀತೆಂದು ಹೆದರಿದ್ದೆ, ಅನೇಕರ ಮನಸ್ಸಿನಲ್ಲಿ ಅದೇ ಇತ್ತೆಂದು ಆಮೇಲೆ ತಿಳಿಯಿತು. ಹುಡುಗರು ಬಂದರು, ಮೊದಲ ಪಂದ್ಯದಲ್ಲೇ ಸೋತರು. ಹಿಂದಿನ ರಾತ್ರಿ ಮದುವೆಯೊಂದರ ಊಟ ಮುಗಿಸಿ ಎರಡು ಗಂಟೆಗೆ ಮಲಗಿದ್ದರಂತೆ. ಭಾರ ಎತ್ತುವ ಮೈಕಟ್ಟಿನ ಭಯ ಹೀಗೆ ಕೊನೆಗೊಂಡಿತು! ಅವರಿಗೆ ಕೊರತೆಯಿದ್ದುದು ನಿದ್ದೆಯದು. ಮರುವರ್ಷ ಅವರ ಪಂದ್ಯವನ್ನು ಮಧ್ಯಾಹ್ನ ಮೂರರ ಮೇಲೆ, ಹೋಟೆಲಿನಲ್ಲಿ ಗಿರಾಕಿ ಕಡಿಮೆಯಿರುವ ಹೊತ್ತಿಗೆ ಇಟ್ಟೆವು. ಹೋಟೆಲಿನ ಯಜಮಾನರನ್ನು ಕಂಡು ಹಿಂದಿನ ರಾತ್ರಿ ಬೇಗ ಬಿಡುವಂತೆ ಕೇಳಿಕೊಂಡೆವು, ಅವರೂ ಒಪ್ಪಿದರು. ಬಹುಮಾನದ ಲೋಟ ಕೊಡುವುದು ಸುಲಭ, ಕೊಡಬೇಕಾದದ್ದು ಬಿಡುವು.

ನನ್ನ ಹುಟ್ಟು ಈಗ ಪೂರ್ತಿಯಾಗಿದೆ. ತುದಿಯ ಮೊಗ್ಗು ಮಾತ್ರ ಅಪ್ಪಯ್ಯನ ಕೈಯಷ್ಟು ಚೆನ್ನಾಗಿ ಬಂದಿಲ್ಲ. ಬಾಗಿಲ ಹಿಂದೆ ನಿಂತಿರುವ ಅದನ್ನು ಕಂಡಾಗ ನೆರೆಮನೆಯವರು ಈಗಲೂ, "ಕಾಯ್ ಕಾಕಾ, ಹವ್ಯಾಸ ಸುಟಲಾ ಕಾ?" ಎಂದು ಕೇಳುತ್ತಾರೆ. ಹವ್ಯಾಸ ಬಿಟ್ಟಿತೇ ಎಂದು ಅದರ ಅರ್ಥ. ನಮ್ಮ ಅರ್ಥದ್ದು ಬಿಟ್ಟಿಲ್ಲ, ನಿಮ್ಮ ಅರ್ಥದ್ದನ್ನು ಬಿಡುವ ಪ್ರಯತ್ನದಲ್ಲಿದ್ದೇನೆ ಎನ್ನುತ್ತೇನೆ. ಹೊಲಿಗೆ, ಚೆಸ್, ತಾಳಮದ್ದಲೆ, ಕ್ರಿಕೆಟ್ ಎಂದು ನಮ್ಮ ಮನೆಗಳಲ್ಲಿ ಒಂದಿಲ್ಲೊಂದು ಹವ್ಯಾಸ ಇದ್ದೇ ಇರುತ್ತದೆ. ಅದು ಯಾರ ದುಡಿತದಿಂದ ನಮಗೆ ಸಿಕ್ಕಿತೆಂದು ಮಕ್ಕಳಿಗೆ ಒಮ್ಮೆ ಹೇಳಿ ನೋಡೋಣ. ಹಗ್ಗಕ್ಕೆ ಕೈ ಹಾಕಿದವನಿಗೆ ಪಾಲು ಕೊಡುವ ಊರುಗಳಿಂದ ಬಂದವರು ನಾವು.