ಹಣೆಯ ಮೇಲಿನ ಹಾನಿ

ಬೇಡಕಿಹಾಳದ ನಮ್ಮ ಮನೆಯ ಪಡಸಾಲೆಯಲ್ಲಿ ಅಪ್ಪನ ಮುಖ ಗುಲಾಬಿ ಬಣ್ಣದ್ದು. ಟೋಪಿ ಹಳದಿ, ಮೀಸೆ ನೀಲಿ. ಅಪ್ಪ ತೀರಿಕೊಂಡ ವರ್ಷ ಅಕ್ಕನ ಮಗ ಅವರ ಪಾಸ್‌ಪೋರ್ಟ್ ಫೋಟೋ ಒಂದನ್ನು ದೊಡ್ಡದು ಮಾಡಿ, ಕ್ಯಾನ್ವಾಸಿನ ಮೇಲೆ ಅಕ್ರಿಲಿಕ್ ಬಣ್ಣದಲ್ಲಿ ಪಾಪ್ ಆರ್ಟ್ ಮಾಡಿಕೊಟ್ಟ. ನೋಡಲು ಬಂದವರು ನಕ್ಕರು. "ಮಾಸ್ತರು ರಂಗಪಂಚಮಿ ಆಡಿ ಬಂದಾರೇನ್ರಿ?" ಅಂದರು. ಅವ್ವ ನಗಲಿಲ್ಲ. ಮರುದಿನ ಜಳಕ ಮಾಡಿ ಬಂದು ಆ ಗುಲಾಬಿ ಹಣೆಗೆ ವಿಭೂತಿ ಹಚ್ಚಿದಳು. ಆಮೇಲೆ ದಿನಾ ಹಚ್ಚತೊಡಗಿದಳು.

ಈಗ ಹುಡುಗನ ಚಿತ್ರಗಳು ಮಾರಾಟವಾಗುತ್ತವೆ. ಪ್ರದರ್ಶನಕ್ಕೆ ಇದನ್ನೂ ಕೇಳಿದರು. ವಿಮೆಗಾಗಿ ಬೆಲೆ ಕಟ್ಟುವವರೊಬ್ಬರು ಬಂದರು. ಸಹಿ, ವರ್ಷ, ಅಳತೆ ನೋಡಿದರು, ಚಿತ್ರ ತಿರುವಿ ಬೆನ್ನೂ ನೋಡಿದರು. ವರದಿಯಲ್ಲಿ ಒಂದು ಸಾಲು: ಹಣೆಯ ಭಾಗದಲ್ಲಿ ಬಿಳಿ ಪುಡಿ ಅಂಟಿದೆ, ಹಾನಿ. ಆ ಸಾಲಿನಿಂದ ಬೆಲೆಯೂ ಇಳಿದಿತ್ತು.

ಅವರದು ತಪ್ಪಲ್ಲ. ಅಕ್ರಿಲಿಕ್ ಒಣಗಿದ ಮೇಲೂ ಒಂದಿಷ್ಟು ಮೆತ್ತಗೇ ಇರುತ್ತದೆ, ನಮ್ಮ ಕಡೆಯ ಏಪ್ರಿಲ್ ಬಿಸಿಲಿಗೆ ಇನ್ನೂ ಮೆತ್ತಗಾಗುತ್ತದೆ. ಬಿದ್ದ ಧೂಳು ಅಲ್ಲೇ ಕೂಡುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಬಾರದು. ಮಿಂಚುವ ಫ್ಲೋರೊಸೆಂಟ್ ಬಣ್ಣವಂತೂ ಬೆಳಕಿಗೆ ಎಲ್ಲಕ್ಕಿಂತ ಬೇಗ ಮಾಸುತ್ತದೆ. ನಾವೋ ಚಿತ್ರವನ್ನು ಕಿಟಕಿಗೆ ಎದುರಾಗಿ ತೂಗುಹಾಕಿ, ಒದ್ದೆ ಹೂಮಾಲೆ ಹಾಕಿ, ಊದುಬತ್ತಿ ಹಚ್ಚಿದ್ದೆವು.

"ಹಚ್ಚಬ್ಯಾಡವ್ವಾ" ಅಂದೆ. "ಅವರ ಹಣಿಗಿ ಹಚ್ಚದ ಮತ್ತ್ಯಾರ ಹಣಿಗಿ ಹಚ್ಚಲೋ?" ಅಂದಳು.

ಆ್ಯಂಡಿ ವಾರ್ಹಾಲ್ ಮರ್ಲಿನ್ ಮನ್ರೋಳ ಚಿತ್ರಗಳನ್ನು ಶುರು ಮಾಡಿದ್ದೂ 1962ರಲ್ಲಿ ಆಕೆ ಸತ್ತ ಮೇಲೆಯೇ. ಎದುರಿಗೆ ಇಟ್ಟುಕೊಂಡದ್ದು 1953ರ 'ನಯಾಗರಾ' ಸಿನೆಮಾದ ಪ್ರಚಾರದ ಫೋಟೋ. 1964ರಲ್ಲಿ ಡೊರೊಥಿ ಪಾಡ್‌ಬರ್ ಅನ್ನುವಾಕೆ ಅವನ ಸ್ಟುಡಿಯೋಕ್ಕೆ ಬಂದು, ಒಂದರ ಹಿಂದೊಂದು ಒರಗಿಸಿಟ್ಟ ಮರ್ಲಿನ್‌ಗಳಿಗೆ ಪಿಸ್ತೂಲಿನಿಂದ ಗುಂಡು ಹಾರಿಸಿದಳು. ಆ ಸರಣಿಗೆ ಗುಂಡಿನದೇ ಹೆಸರು ಬಿತ್ತು. ಅದರಲ್ಲಿನ ಒಂದು ಚಿತ್ರ 2022ರ ಮೇ ತಿಂಗಳಲ್ಲಿ ನ್ಯೂಯಾರ್ಕಿನ ಕ್ರಿಸ್ಟೀಸ್ ಹರಾಜಿನಲ್ಲಿ ಸುಮಾರು 19.5 ಕೋಟಿ ಡಾಲರಿಗೆ ಹೋಯಿತು. ಗುಂಡು ಇತಿಹಾಸವಂತೆ, ನಮ್ಮವ್ವನ ಮೂರು ಬೆರಳು ಹಾನಿಯಂತೆ! ನನಗೆ ಸಿಟ್ಟು ಬಂದಿತ್ತು.

ಸಿಟ್ಟು ಇಳಿದ ಮೇಲೆ ವಾದ ಅಷ್ಟು ಗಟ್ಟಿ ಅನಿಸಲಿಲ್ಲ. ಪಾಡ್‌ಬರ್ ಹಾರಿಸಿದ್ದು ಒಂದು ಸಲ, ಅವ್ವ ಹಚ್ಚುವುದು ದಿನಾ. ಹತ್ತು ವರ್ಷ ಹೀಗೇ ನಡೆದರೆ ಹಣೆಯೇ ಉಳಿಯುವುದಿಲ್ಲ. ಆಮೇಲೆ ಮೊಮ್ಮಕ್ಕಳು ಯಾವ ಮುಖ ನೋಡಬೇಕು? ಇನ್ನೊಂದು ಮಾತೂ ಇದೆ. ಮುಖ ಅಪ್ಪನದು, ಚಿತ್ರ ಹುಡುಗನದು. 1957ರ ಕೃತಿಸ್ವಾಮ್ಯ ಕಾಯ್ದೆಯ 57ನೇ ಕಲಮಿನ ಪ್ರಕಾರ, ಕೃತಿಯನ್ನು ಕೊಟ್ಟುಬಿಟ್ಟ ಮೇಲೂ ತನ್ನ ಮಾನಕ್ಕೆ ಕುಂದು ತರುವಂತೆ ಅದನ್ನು ಕೆಡಿಸಿದರೆ ಕಲಾವಿದ ಕೇಳಬಹುದು. ಅವ್ವನ ಮೇಲೆ ಯಾರೂ ಕಲಮು ಹಾಕುವುದಿಲ್ಲ ಬಿಡಿ. ಆದರೂ ಗೋಡೆ ನಮ್ಮದು ಅಂದಮಾತ್ರಕ್ಕೆ ಸವೆಸುವ ಹಕ್ಕೂ ಪೂರ್ತಿ ನಮ್ಮದೇ ಅಂತ ನನಗೆ ಅನಿಸುವುದಿಲ್ಲ.

ಹುಡುಗನನ್ನೇ ಕೇಳಿದೆ. "ಆಯಿ ಕೈ ಹಿಡೀಬ್ಯಾಡ್ರಿ ಮಾಮಾ. ಆದ್ರ ಹಣಿ ಮತ್ತ ಬರದು ಕೊಡು ಅಂತನೂ ಅನಬ್ಯಾಡ್ರಿ, ನಾ ಬರಿಯಾಂವಲ್ಲ" ಅಂದ.

ಚಿತ್ರವನ್ನು ಬಿಸಿಲು ಬೀಳದ ಗೋಡೆಗೆ ಸರಿಸಿದೆ. ಬಣ್ಣಕ್ಕೆ ತಾಗದ ಹಾಗೆ ಸಂದು ಬಿಟ್ಟು ಗಾಜು ಹಾಕಿಸಿದೆ. ಮಾಲೆ ಈಗ ಕೆಳಗಿನ ಹಲಗೆಯ ಮೇಲೆ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಇಂಟ್ಯಾಕ್‌ನ ಸಂರಕ್ಷಣಾ ಕೇಂದ್ರವಿದೆ. ಅಲ್ಲಿಗೆ ಒಯ್ದು ಹಣೆ ಸ್ವಚ್ಛ ಮಾಡಿಸು, ಬೆಲೆ ಏರುತ್ತದೆ ಅಂತ ಅಕ್ಕ ಹೇಳುತ್ತಾಳೆ. ನಾನು ಒಯ್ದಿಲ್ಲ.

ಮೊದಲ ದಿನ ಅವ್ವ ಗಾಜಿನ ಮುಂದೆ ಬಹಳ ಹೊತ್ತು ನಿಂತಳು. "ಇದರಾಗ ನನ್ನ ಮಾರಿನೂ ಕಾಣತೈತಲ್ಲೋ" ಅಂದಳು. ಆಮೇಲೆ ಗಾಜಿಗೇ ಹಚ್ಚಿದಳು. ಒಳಗಿನ ಹಳೆಯ ವಿಭೂತಿಗೂ ಹೊರಗಿನ ಹೊಸದಕ್ಕೂ ಒಂದು ಬೆರಳಿನಷ್ಟು ಅಂತರವಿದೆ.