ಒಂದು ಒತ್ತಿನ ಅಚ್ಚು

ನಾನು ಬೆರಳಚ್ಚು ಕಲಿಯುತ್ತಿದ್ದ ಯಂತ್ರದಲ್ಲಿ ತ-ಒತ್ತು ಬೀಳುತ್ತಿರಲಿಲ್ಲ. ‘ಹತ್ತು’ ಎಂದು ಹೊಡೆದರೆ ‘ಹತು’ ಆಗುತ್ತಿತ್ತು, ‘ಅತ್ತೆ’ ‘ಅತೆ’ ಆಗುತ್ತಿದ್ದಳು. ಬೀದರ್ ಕಡೆಯ ಸಣ್ಣ ಇನ್‌ಸ್ಟಿಟ್ಯೂಟು ಅದು. ತಿಂಗಳಿಗೊಮ್ಮೆ ಕೈಚೀಲ ಹಿಡಿದು ಬಸ್ಸಿಳಿದು ಬರುವ ರಿಪೇರಿ ಮಾಸ್ತರರಿಗಾಗಿ ಎಲ್ಲರೂ ಕಾಯುತ್ತಿದ್ದೆವು. ಜಹೀರಾಬಾದ್, ನಾರಾಯಣಖೇಡ, ತಾಂಡೂರುಗಳ ಕಚೇರಿ, ಇನ್‌ಸ್ಟಿಟ್ಯೂಟುಗಳನ್ನು ಸುತ್ತಿ ನಮ್ಮಲ್ಲಿಗೆ ಬರುತ್ತಿದ್ದರು.

ಮಾಸ್ತರರು ಮುಚ್ಚಳ ತೆಗೆದು, ಟೈಪ್ ಬಾರ್ ಒಂದನ್ನು ಬೆರಳಿನಿಂದ ಮೇಲೆತ್ತಿ ನೋಡಿದರು. “ಬಾರ್ ಸರಿ ಅದರೀ. ಬೆಸಿಗಿ ಬಿಟ್ಟು ಅಚ್ಚೇ ಬಿದ್ದು ಹೋಗ್ಯದ. ಇಂಗ್ಲಿಷಿಂದಾದ್ರ ಹತ್ತು ಕಡಿ ಸಿಗ್ತದ. ಕನ್ನಡದ್ದು ಇನ್ನೊಂದು ಕನ್ನಡ ಮಷೀನ್ ಸತ್ತಾಗಷ್ಟೇ ಸಿಗೋದು.”

ತೆಲುಗು ಮಷೀನಿನ ಅಚ್ಚು ಹಾಕಿದರೆ ಆಗುವುದಿಲ್ಲವೇ ಎಂದು ಕೇಳಿದೆ. ಎರಡೂ ಲಿಪಿಗಳು ಅಕ್ಕ ತಂಗಿಯರಂತೆ ಇವೆಯಲ್ಲ! ಅವರು ತಲೆಯಾಡಿಸಿದರು. “ಒತ್ತು ಹೊಂದಬಹುದು. ಅದರ ಜೋಡಿ ಅಕ್ಷರ ಹೊಂದೂದಿಲ್ಲ.” ಒಂದೇ ಅಚ್ಚಿನ ಮೇಲೆ ಎರಡು ರೂಪ ಇರುತ್ತವೆ: ಸುಮ್ಮನೆ ಒತ್ತಿದರೆ ಒಂದು, ಶಿಫ್ಟ್ ಹಿಡಿದು ಒತ್ತಿದರೆ ಇನ್ನೊಂದು. ಒಂದು ಅಚ್ಚು ಕಳೆದರೆ ಎರಡೂ ಹೋದವು. ಆ ದಿನ ನನಗೆ ಅರ್ಥವಾದ ಈ ಮಾತನ್ನು ಈಗಲೂ ಮರೆತಿಲ್ಲ.

ಕನ್ನಡವನ್ನು ಈ ಯಂತ್ರದೊಳಗೆ ಕೂರಿಸಿದ್ದೇ ಒಂದು ಸಾಹಸ. ಐವತ್ತಕ್ಕಿಂತ ಕಡಿಮೆ ಕೀಲಿಗಳು, ಶಿಫ್ಟ್ ಸೇರಿಸಿದರೂ ನೂರರೊಳಗೆ ರೂಪಗಳು. ಅಷ್ಟರಲ್ಲೇ ಕಾಗುಣಿತ ಬರಬೇಕು, ಒತ್ತಕ್ಷರ ಬರಬೇಕು, ಅಂಕಿ ಬರಬೇಕು. ಅಕ್ಷರಗಳನ್ನು ತುಂಡುಗಳಾಗಿ ಬಿಡಿಸಿ, ಬೆರಳಿಗೆ ಒಗ್ಗುವಂತೆ ಕೀಲಿಮಣೆಯಲ್ಲಿ ಜೋಡಿಸಿದವರು ಕೆ. ಅನಂತ ಸುಬ್ಬರಾವ್. ಕೆಲವು ಕೀಲಿಗಳನ್ನು ಒತ್ತಿದರೆ ಕ್ಯಾರೇಜ್ ಮುಂದೆ ಸರಿಯುವುದಿಲ್ಲ, ಅಚ್ಚು ಮಾತ್ರ ಬೀಳುತ್ತದೆ. ಇವು ಡೆಡ್ ಕೀ. ಕನ್ನಡ ಟೈಪಿಸ್ಟಿನ ಕಿವಿಗೆ ಆ ಸದ್ದಿನ ವ್ಯತ್ಯಾಸ ಗೊತ್ತಾಗುತ್ತಿತ್ತು. ಮಾಸ್ತರರಿಗಂತೂ ಬೀದಿಯಲ್ಲಿ ನಿಂತೇ ಗೊತ್ತಾಗುತ್ತಿತ್ತು.

ತಾಂಡೂರಿನ ಯಂತ್ರಗಳದ್ದು ಬೇರೆಯೇ ರೋಗ ಎನ್ನುತ್ತಿದ್ದರು. ಆ ಊರು ತಾಂಡೂರು ಕಲ್ಲಿಗೆ ಹೆಸರಾದದ್ದು. ಕಲ್ಲು ಕೊಯ್ಯುವ, ಪಾಲಿಶ್ ಮಾಡುವ ಕಾರ್ಖಾನೆಗಳ ದೂಳು ಎಲ್ಲೆಲ್ಲೂ ಕೂರುತ್ತದೆ. ಕೀಲಿ ಬಿಗಿಯಾಯಿತೆಂದು ಹುಡುಗರು ಎಣ್ಣೆ ಸುರಿಯುತ್ತಿದ್ದರು. ಎಣ್ಣೆ ಕಲ್ಲಿನ ದೂಳನ್ನು ಹಿಡಿದು ಅರೆಯುವ ಹಿಟ್ಟಾಗುತ್ತದೆ. ಟೈಪ್ ಬಾರ್‌ಗಳು ಆಡುವ ಸೀಳುಗಳಿಗೆ ಎಣ್ಣೆ ತಾಕಿಸಲೇಬಾರದು, ಪೆಟ್ರೋಲಿನಲ್ಲಿ ತೊಳೆದು ಒಣಗಿಸಿ ಬಿಡಬೇಕು ಎಂಬುದು ಅವರ ಮೊದಲ ಪಾಠ. ಎರಡನೆಯ ಪಾಠ ರೋಲರಿನದು. ರಬ್ಬರು ವರ್ಷಗಳು ಕಳೆದಂತೆ ಕಲ್ಲಾಗುತ್ತದೆ, ಆಗ ಅನುಸ್ವಾರದ ಸೊನ್ನೆ ಕಾಗದವನ್ನೇ ತೂತು ಮಾಡುತ್ತದೆ. ಸೊನ್ನೆಗಳೆಲ್ಲ ಉದುರಿದ ಅರ್ಜಿ ನೋಡಿದರೆ ಅವರಿಗೆ ಸಿಟ್ಟು ಬರುತ್ತಿತ್ತು. ಬರೆದವನ ಮೇಲಲ್ಲ, ಯಂತ್ರವನ್ನು ಹಾಗೆ ಬಿಟ್ಟವರ ಮೇಲೆ.

ಅವರು ಸುತ್ತುತ್ತಿದ್ದ ಮೂರೂ ಊರುಗಳಿಗೆ ಒಂದು ಚರಿತ್ರೆಯಿದೆ. 1956ರ ನವೆಂಬರ್ 1ರವರೆಗೆ ನಾರಾಯಣಖೇಡ, ಜಹೀರಾಬಾದ್ ತಾಲ್ಲೂಕುಗಳು ಬೀದರ್ ಜಿಲ್ಲೆಯವು, ತಾಂಡೂರು ಗುಲ್ಬರ್ಗ ಜಿಲ್ಲೆಯದು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ನಾರಾಯಣಖೇಡ, ತಾಂಡೂರು ಮತ್ತು (ನಿರ್ಣಾ ಕಂದಾಯ ವೃತ್ತವೊಂದನ್ನು ಬಿಟ್ಟು) ಜಹೀರಾಬಾದ್ ಆಂಧ್ರಪ್ರದೇಶಕ್ಕೆ ಸೇರಿದವು, 2014ರಿಂದ ತೆಲಂಗಾಣ. ನಿಜಾಮರ ಕಾಲದಲ್ಲಿ ಕಚೇರಿಯ ಭಾಷೆ ಉರ್ದು, ಆಮೇಲೆ ತೆಲುಗು, ಇಂಗ್ಲಿಷ್. ಹೀಗೆ ಕಚೇರಿಯ ಭಾಷೆ ಬದಲಾಗುತ್ತ ಹೋದರೂ ಎಷ್ಟೋ ಮನೆಗಳಲ್ಲಿ ಅವ್ವ ಮಗುವಿಗೆ ಉಣಿಸುತ್ತ ಆಡುವ ಮಾತು ಕನ್ನಡವೇ ಆಗಿ ಉಳಿಯಿತು. ಅಲ್ಲಿನವರು ಕನ್ನಡದಲ್ಲಿ ಒಂದು ಕಾಗದ ಟೈಪ್ ಮಾಡಿಸಲು ನಮ್ಮ ಇನ್‌ಸ್ಟಿಟ್ಯೂಟಿನ ಮೆಟ್ಟಿಲು ಹತ್ತಿದ್ದನ್ನು ನೋಡಿದ್ದೇನೆ. ಕನ್ನಡ ಬಲ್ಲವರಿಗೆ ಆ ಊರುಗಳಲ್ಲಿ ಕೊರತೆಯಿರಲಿಲ್ಲ. ಕನ್ನಡದ ಅಚ್ಚಿರುವ ಮಷೀನು ಇರಲಿಲ್ಲ.

ಮಾಸ್ತರರಿಗೆ ಮಾತ್ರ ಆ ಗಡಿ ಇರಲಿಲ್ಲ. ಅಚ್ಚಿನ ಮೇಲೆ ಅಕ್ಷರ ತಿರುಗುಮುರುಗಾಗಿ ಇರುತ್ತದೆ. ಕನ್ನಡ, ತೆಲುಗು, ಇಂಗ್ಲಿಷ್ ಮೂರನ್ನೂ ಹಾಗೇ ಓದುತ್ತಿದ್ದರು. ನನ್ನ ಮಷೀನಿನ ಒತ್ತು ಎರಡು ತಿಂಗಳ ಮೇಲೆ ಬಂತು, ಬೀಡಿ ಕಟ್ಟಿನ ಕಾಗದದಲ್ಲಿ ಸುತ್ತಿಕೊಂಡು. ಯಾವುದೋ ಕಚೇರಿಯಲ್ಲಿ ಲಿಲಾವಾದ ಕನ್ನಡ ಯಂತ್ರದಿಂದ ಬಿಡಿಸಿ ತಂದಿದ್ದರು. ಬೆಸುಗೆ ಹಾಕಿ, ಸಾಲಿಗೆ ಕೂಡುವ ತನಕ ಬಾರನ್ನು ಕೂದಲೆಳೆಯಷ್ಟು ಬಗ್ಗಿಸಿ, ನನ್ನನ್ನು ಕೂರಿಸಿದರು. “ಈಗ ಅತ್ತಿ ಅಂತ ಹೊಡೀರಿ ನೋಡೋಣ.” ಒತ್ತು ಬಿತ್ತು. ತುಸು ಎಡಕ್ಕೆ ಸರಿದಿತ್ತು, ಮತ್ತೆ ಬಗ್ಗಿಸಿದರು.

ಭಾರತದಲ್ಲಿ ತಯಾರಾದ ಮೊದಲ ಟೈಪ್‌ರೈಟರನ್ನು ಗೋದ್ರೇಜ್ ಕಂಪನಿ ಹೊರತಂದದ್ದು 1955ರಲ್ಲಿ. ಅದೇ ಕಂಪನಿ 2009ರಲ್ಲಿ ತಯಾರಿಕೆ ನಿಲ್ಲಿಸಿತು. ಕನ್ನಡ ಆ ಹೊತ್ತಿಗೆ ಕಂಪ್ಯೂಟರಿಗೆ ಹೋಗಿತ್ತು, ಕೆ.ಪಿ. ರಾವ್ ರೂಪಿಸಿದ ಕೀಲಿಮಣೆಯ ಮೇಲೆ ಹೊಸ ಬೆರಳುಗಳು ಓಡುತ್ತಿದ್ದವು. ಅದು ಆಗಬೇಕಾದದ್ದೇ, ಅದಕ್ಕೆ ನನ್ನ ತಕರಾರಿಲ್ಲ.

ಈಚೆಗೆ ಹಳೆಯ ಯಂತ್ರಗಳ ಮೇಲೆ ಜಗತ್ತಿನಲ್ಲಿ ಪ್ರೀತಿ ಮರಳಿದೆ. ನಟ ಟಾಮ್ ಹ್ಯಾಂಕ್ಸ್ ನೂರಾರು ಯಂತ್ರಗಳನ್ನು ಕೂಡಿಸಿಟ್ಟವರು. 2017ರಲ್ಲಿ ಬಂದ ಅವರ ಕಥಾಸಂಕಲನದ ಕಥೆಗಳಲ್ಲೆಲ್ಲ ಒಂದಲ್ಲ ಒಂದು ಟೈಪ್‌ರೈಟರ್ ಬರುತ್ತದೆ. ಬರ್ಕ್ಲಿಯ ಒಂದು ರಿಪೇರಿ ಅಂಗಡಿಯ ಸುತ್ತ ಪೂರ್ಣಪ್ರಮಾಣದ ಸಾಕ್ಷ್ಯಚಿತ್ರವೇ ಬಂದಿದೆ. ಸಂತೋಷ. ಆದರೆ ಆ ಪ್ರೀತಿಯೆಲ್ಲ ಇಂಗ್ಲಿಷ್ ಯಂತ್ರಕ್ಕೆ ಒದಗುತ್ತದೆ. ಅದರ ಬಿಡಿಭಾಗ ಬೇಕೆಂದರೆ ನಾಲ್ಕು ಖಂಡಗಳಿಂದ ಬರುತ್ತದೆ. ಕನ್ನಡದ ಒಂದು ತ-ಒತ್ತು ಬೇಕಾದರೆ ನಮ್ಮ ಅಟ್ಟಗಳಿಂದಲೇ ಬರಬೇಕು. ಗುಜರಿಯವನು ಕನ್ನಡ ಮಷೀನನ್ನು ಕಬ್ಬಿಣದ ತೂಕಕ್ಕೆ ಕೊಂಡಾಗ, ಆ ಅಚ್ಚುಗಳೆಲ್ಲ ಕರಗಿಹೋದಾಗ, ಇನ್ನೆಲ್ಲೋ ಸರಿಹೋಗಬಹುದಾಗಿದ್ದ ಇನ್ನೊಂದು ಯಂತ್ರವೂ ಸಾಯುತ್ತದೆ.

ನಿಮ್ಮ ಮನೆಯ ಅಟ್ಟದಲ್ಲೋ, ಮುಚ್ಚಿದ ಇನ್‌ಸ್ಟಿಟ್ಯೂಟಿನ ಮೂಲೆಯಲ್ಲೋ ಒಂದು ಕನ್ನಡ ಯಂತ್ರ ಕೂತಿದ್ದರೆ ಅದನ್ನು ತೂಕಕ್ಕೆ ಕೊಡಬೇಡಿ. ಊರಿನಲ್ಲಿ ಕೆಲಸ ಬಲ್ಲ ಹಿರಿಯರೊಬ್ಬರು ಇನ್ನೂ ಇದ್ದರೆ ಅವರ ಮುಂದೆ ಇಡಿ, ಮಕ್ಕಳನ್ನೂ ಕರೆದುಕೊಂಡು ಹೋಗಿ. ಯಾರೂ ಇಲ್ಲವೆಂದಾದರೆ ಹೊಸ ರಿಬ್ಬನ್ ಹಾಕಿ, ಒಂದೊಂದೇ ಕೀಲಿಯನ್ನು ಒಮ್ಮೆ ಸುಮ್ಮನೆ, ಒಮ್ಮೆ ಶಿಫ್ಟ್ ಹಿಡಿದು ಹೊಡೆದು ಒಂದು ಹಾಳೆ ತೆಗೆದಿಡಿ. ಬೀಳದ ಅಕ್ಷರದ ಜಾಗವನ್ನು ಖಾಲಿಯೇ ಬಿಡಿ.